ಸಮೀಕ್ಷೆಯಲ್ಲಿ ನಮ್ಮ ಮದುವೆ

ಮೀಟರ್ ಬೋರ್ಡಿನ ಪಕ್ಕದಲ್ಲಿ ಸಮೀಕ್ಷೆಯ ಚೀಟಿ ಅಂಟಿಸಿ ಹೋದ ದಿನದಿಂದ ನನಗೆ ಊಟ ಸೇರುತ್ತಿರಲಿಲ್ಲ. ಮನೆ ಮನೆಗೂ ಶಾಲೆಯ ಮೇಷ್ಟರುಗಳು ಬಂದು ಯಾರು ಯಾರಿದ್ದೀರಿ, ಯಾವ ಜಾತಿ, ಮದುವೆಯಾಗಿದೆಯೇ, ಒಬ್ಬರಿಗೊಬ್ಬರು ಏನಾಗಬೇಕು ಎಂದು ಕೇಳಿ ಬರೆದುಕೊಳ್ಳುತ್ತಾರಂತೆ. ಬೇರೆಯವರಿಗೆ ಅದು ಅರ್ಧ ಗಂಟೆಯ ಕಿರಿಕಿರಿ. ನಮ್ಮಲ್ಲಿ ಉತ್ತರವೇನೋ ಇತ್ತು, ಹೇಳುವ ಹಾಗಿರಲಿಲ್ಲ. ನಾವಿಬ್ಬರೂ ಹೆಂಗಸರು, ಒಬ್ಬರನ್ನೊಬ್ಬರು ಮದುವೆಯಾದವರು.

ಮದುವೆಯಾಗಿದ್ದು ಹೊರದೇಶದಲ್ಲಿ. ಅವಳು ನರ್ಸ್ ಕೆಲಸಕ್ಕೆಂದು ಎರಡು ವರ್ಷ ಅಲ್ಲಿದ್ದಳು. ನಾನು ರಜೆ ಹಾಕಿ ಹೋಗಿದ್ದಾಗ ಆ ಊರಿನ ಪುರಸಭೆಯ ಕಚೇರಿಯಲ್ಲಿ ರುಜು ಹಾಕಿದೆವು. ಅಲ್ಲಿನ ಗುಮಾಸ್ತೆ ಅಭಿನಂದನೆ ಹೇಳಿ, ಮೊಹರು ಒತ್ತಿ, ಕಾಗದ ಕೊಟ್ಟಳು. ವಾಪಸ್ ಬಂದ ಮೇಲೆ ಅವಳ ಹಟಕ್ಕೆ ಆ ಕಾಗದವನ್ನು ಇಲ್ಲಿನ ಮದುವೆ ನೋಂದಣಿ ಕಚೇರಿಗೂ ತೆಗೆದುಕೊಂಡು ಹೋಗಿದ್ದೆವು. ಕೌಂಟರಿನಲ್ಲಿದ್ದವರು ಎರಡು ಸಲ ಓದಿ, ಹಿಂದೆ ಮುಂದೆ ತಿರುಗಿಸಿ, "ಇದ್ರಲ್ಲಿ ಗಂಡಿನ ಹೆಸ್ರು ಎಲ್ಲಿದೆ ಮೇಡಂ?" ಎಂದರು. ಗದರಲಿಲ್ಲ, ನಗಲೂ ಇಲ್ಲ. ಕಾನೂನೇ ಒಪ್ಪದಿದ್ದ ಮೇಲೆ ಪಾಪ ಅವರು ತಾನೇ ಏನು ಮಾಡಿಯಾರು. ನಾನೇ "ತಪ್ಪು ಪೇಪರ್ ತಂದ್ಬಿಟ್ಟೆ ಸಾರ್" ಎಂದು ಕಾಗದ ಎಳೆದುಕೊಂಡು ಆಚೆ ಬಂದೆ. ಬಸ್ ಸ್ಟಾಪಿನವರೆಗೂ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ನನ್ನ ಪುಕ್ಕಲುತನಕ್ಕೆ ಕಾರಣವಿತ್ತು. ವಿಜಯನಗರದಲ್ಲಿ ಮೊದಲು ಬಾಡಿಗೆಗಿದ್ದ ಮನೆಯ ಓನರ್ ನಮ್ಮ ಮದುವೆಯ ಫೋಟೊ ನೋಡಿ, ವಿಷಯ ತಿಳಿದುಕೊಂಡು, ಹದಿನೈದು ದಿನದಲ್ಲಿ ನಮ್ಮನ್ನು ಖಾಲಿ ಮಾಡಿಸಿದ್ದರು. ನಾವು ಸಾಮಾನು ಲಾರಿಗೆ ಏರಿಸುತ್ತಿದ್ದಾಗ ಬೀದಿಯವರೆಲ್ಲ ಗೇಟಿಗೆ ಬಂದು ನಿಂತಿದ್ದರು. ಸುಮ್ಮನೆ ನೋಡಿದರು. ಆ ನೋಟವನ್ನು ನಾನಿನ್ನೂ ಮರೆತಿಲ್ಲ.

ಹಾಗಾಗಿ ಬಸವೇಶ್ವರನಗರದ ಈ ಮನೆಗೆ ಬಂದಾಗ, ಅವಳು ನನ್ನ ಚಿಕ್ಕಮ್ಮನ ಮಗಳು ಎಂದು ಹೇಳಿಬಿಟ್ಟೆ. ಕೆಳಗಿನ ಮನೆಯ ಓನರ್ ಆಂಟಿ ದಾವಣಗೆರೆ ಕಡೆಯವರು, ಹಣೆತುಂಬ ವಿಭೂತಿ, ಕೈಬಿಚ್ಚಿ ಕೊಡುವ ಜೀವ. ನಮ್ಮದೂ ಲಿಂಗಾಯತರ ಮನೆ ಎಂದು ತಿಳಿದ ಮೇಲೆ ಅಡ್ವಾನ್ಸ್ ಕೂಡ ಕಮ್ಮಿ ಮಾಡಿದ್ದರು. ನಾನು ಮಾಡಿದ ಎಡವಟ್ಟು ನನಗೆ ಗೊತ್ತಾಗಿದ್ದು ಸಮೀಕ್ಷೆಯ ಚೀಟಿ ಅಂಟಿದ ಮೇಲೆಯೇ. ಚಿಕ್ಕಮ್ಮನ ಮಗಳು ಎಂದರೆ ಅವಳೂ ನಮ್ಮವಳೇ ಆಗಬೇಕು. ನನ್ನ ಹೆಂಡತಿಯೋ ಕೆಂಗೇರಿ ಆಚೆಯ ಒಕ್ಕಲಿಗರ ಹುಡುಗಿ, ಭಾನುವಾರ ಬಂದರೆ ಮಿಲಿಟರಿ ಹೋಟೆಲ್ ಹುಡುಕಿಕೊಂಡು ಹೋಗುವವಳು. ಜಾತಿ ಕೇಳುವಾಗ ಆಂಟಿ ಪಕ್ಕದಲ್ಲಿದ್ದರೆ ಮುಗಿಯಿತು ಕಥೆ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಅವಳನ್ನು ಎದುರಿಗೆ ಕೂರಿಸಿಕೊಂಡು ನಾನೇ ಟೀಚರ್ ಆಗಿ ಪ್ರಶ್ನೆ ಕೇಳಿದೆ. ಜಾತಿ ಎಂದಾಗ ಕಿಟಕಿ ಕಡೆ ನೋಡುತ್ತಾ ನನ್ನ ಜಾತಿಯನ್ನೇ ಹೇಳಿದಳು. "ಮದ್ವೆ ಆದವ್ರೆಲ್ಲ ಗಂಡನ ಮನೆ ಕಡೇದೇ ಹೇಳೋದಲ್ವೇನೇ," ಎಂದು ನಕ್ಕಳು ಕೂಡ. ಮದುವೆಯ ಪ್ರಶ್ನೆಗೆ ಆಗಿಲ್ಲ ಎನ್ನಬೇಕು ಎಂದು ನಾನು ಹೇಳಿಕೊಟ್ಟೆ. ನಾನು ಮಾತು ಮುಗಿಸುವ ಮೊದಲೇ ಅವಳು ಎದ್ದಳು. ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಟೀಚರ್ ಬಂದಿದ್ದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಿಸಿಲಿಗೆ ಸುಸ್ತಾಗಿದ್ದಳು. ನಾನು ಹೆದರಿದ್ದಂತೆಯೇ ಆಂಟಿಯೂ ಅವಳ ಹಿಂದೆ ಮೆಟ್ಟಿಲು ಹತ್ತಿ ಬಂದರು. "ನಮ್ಮೂರ ಕಡೆ ಹುಡ್ಗಿ ಕಣಮ್ಮ, ಒಂದ್ ಲೋಟ ಮಜ್ಗೆ ಕೊಡು," ಎಂದು ದಿವಾನದ ಮೇಲೆ ಕುಳಿತೇಬಿಟ್ಟರು. ಎದ್ದು ಹೋಗಿ ಎನ್ನುವುದಕ್ಕಾಗುತ್ತದೆಯೇ, ಮನೆ ಅವರದ್ದು.

ಮನೆಯ ಮುಖ್ಯಸ್ಥೆ ಎಂದು ನನ್ನ ಹೆಸರು, ನನ್ನ ಫೋನ್ ನಂಬರ್ ಬರೆಸಿದೆ. ನನ್ನ ಪ್ರಶ್ನೆಗಳು ಮುಗಿದವು. ಮದುವೆಯ ಜಾಗದಲ್ಲಿ ಆಗಿಲ್ಲ ಎಂದೆ, ಸಲೀಸಾಗಿ. ಆಮೇಲೆ ನನ್ನವಳ ಸರದಿ. ಸಂಬಂಧ ಏನು ಎಂದಾಗ ಆಂಟಿಯೇ "ಚಿಕ್ಕಮ್ಮನ ಮಗ್ಳು," ಎಂದು ಬರೆಸಿದರು. ಜಾತಿ ಕೇಳಿದಾಗ ಅವಳು ತಡವರಿಸದೆ ನನ್ನ ಜಾತಿ ಹೇಳಿದಳು. ಅಬ್ಬಾ, ಗಂಡಾಂತರ ಕಳೆಯಿತು ಎಂದುಕೊಂಡೆ.

"ಮದ್ವೆ ಆಗಿದ್ಯಾ ಮೇಡಂ?"

"ಆಗಿದೆ," ಎಂದಳು ಅವಳು.

ಆಂಟಿ ತಮ್ಮ ಮಜ್ಜಿಗೆ ಲೋಟ ಕೆಳಗಿಟ್ಟು ನೆಟ್ಟಗೆ ಕುಳಿತರು. "ಇದೇನಮ್ಮ, ಇಷ್ಟು ದಿನ ಹೇಳೇ ಇಲ್ವಲ್ಲ ನೀನು."

ಟೀಚರಿಗೆ ಮುಂದಿನ ಪ್ರಶ್ನೆಯ ಆತುರ. "ಎಷ್ಟನೇ ವಯಸ್ಸಲ್ಲಿ ಆಯ್ತು?"

"ಮೂವತ್ತೊಂದು."

"ನಿಮ್ ಹಸ್ಬೆಂಡ್ ಇಲ್ಲೇ ಇರ್ತಾರಾ?"

ಅವಳು ನನ್ನ ಕಡೆ ತಿರುಗಿ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ನಾನು ಬಾಯಿ ಬಿಡುತ್ತೇನೆಂದು ಕಾಯುತ್ತಿದ್ದಳು, ಅಷ್ಟೇ. ತನ್ನ ಜಾತಿಯನ್ನು ನನಗಾಗಿ ಬಿಟ್ಟುಕೊಟ್ಟವಳು, ಮದುವೆಯೊಂದನ್ನು ಬಿಟ್ಟುಕೊಡಲಾರದೆ ಕುಳಿತಿದ್ದಳು. ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ನನ್ನ ಕಣ್ಣ ಮುಂದೆ ಇದ್ದದ್ದು ಲಾರಿ, ಗೇಟುಗಳಲ್ಲಿ ನಿಂತ ಮುಖಗಳು, ಇನ್ನೊಂದು ಏರಿಯಾದಲ್ಲಿ ಟು-ಲೆಟ್ ಬೋರ್ಡು ಹುಡುಕಿಕೊಂಡು ಅಲೆಯುವ ಬಿಸಿಲು.

ನಮ್ಮ ಮೌನವನ್ನು ಆಂಟಿ ತಮಗೆ ತೋಚಿದ ಹಾಗೆ ಅರ್ಥ ಮಾಡಿಕೊಂಡರು. ಎದ್ದು ಬಂದು ಅವಳ ತಲೆ ಸವರಿದರು. "ಹೋಗ್ಬಿಟ್ರಾ ತಾಯಿ? ಇಷ್ಟು ಚಿಕ್ಕ ವಯಸ್ಸಿಗೇ," ಎಂದು ಅಲ್ಲೇ ಕಣ್ಣೊರೆಸಿಕೊಂಡರು.

ಟೀಚರ್ ದನಿ ತಗ್ಗಿಸಿದಳು. ಅವಳನ್ನು ಕೇಳಲು ಮನಸ್ಸು ಬಾರದೆ ನನ್ನನ್ನು ಕೇಳಿದಳು. "ವಿಧವೆ ಅಂತ ಹಾಕ್ಲಾ ಮೇಡಂ?"

ನಾನು ಹೂಂ ಎಂದು ತಲೆ ಆಡಿಸಿದೆ.

ಟೀಚರ್ ತನ್ನ ಫೋನಿನಲ್ಲಿ ಅದನ್ನು ಒತ್ತಿದಳು. ನೆಟ್‌ವರ್ಕ್ ಸಿಗದೆ ಬಾಲ್ಕನಿಗೆ ಹೋಗಿ ಫೋನ್ ಎತ್ತಿ ಹಿಡಿದು ನಿಂತಳು. ಸ್ವಲ್ಪ ಹೊತ್ತಿಗೆ ನನ್ನ ಫೋನಿಗೆ ಓಟಿಪಿ ಬಂತು. ನಾನದನ್ನು ಓದಿ ಹೇಳಿದರೆ ಮಾತ್ರ ಎಲ್ಲವೂ ಸರಕಾರಕ್ಕೆ ಹೋಗುತ್ತದೆ ಎಂದಳು. ಒಂದೊಂದೇ ಅಂಕಿ ಓದಿ ಹೇಳಿದೆ. ನನ್ನ ದನಿ ನಡುಗುತ್ತಿತ್ತು, ಆಂಟಿ ಅದು ತಂಗಿಯ ದುಃಖಕ್ಕೆ ಎಂದುಕೊಂಡರು. ಹೋಗುವಾಗ ಬಾಗಿಲಲ್ಲಿ ನಿಂತು, "ನಾನಿದೀನಿ, ನಿಮ್ಗೆ ಈ ಮನೆ ಇದ್ದೇ ಇರುತ್ತೆ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮನೆ ಉಳಿಯಿತು. ಆ ಕ್ಷಣ ನನಗೆ ನಿಜವಾಗಿಯೂ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ.

ಬಾಗಿಲು ಹಾಕಿ ಒಳಗೆ ಬಂದಾಗ ಅವಳು ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಬೈಯುತ್ತಾಳೆಂದು ಬಾಗಿಲಿಗೆ ಆತು ಕಾದೆ. ಬೈದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಅವಳು ಕುಕ್ಕರ್ ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ನಾಳೆ ತರಕಾರಿ ಏನು ತರಲಿ ಎಂದು ಕೇಳುವ ದನಿಯಲ್ಲಿ ಕೇಳಿದಳು.

"ನನ್ ಗಂಡ ಏನಾಗಿ ಸತ್ತ ಅಂತ ಆಂಟಿ ಕೇಳೇ ಕೇಳ್ತಾರೆ ಕಣೇ. ಏನ್ ಹೇಳ್ಲಿ?"

"ಹೆದ್ರಿಕೊಂಡು ಸತ್ತ ಅಂತ ಹೇಳು," ಎಂದೆ.