ಕೇಸ್ ಪೇಪರಿನ ಮೂಲೆಯ ಸೊನ್ನೆ

2005ನೇ ಇಸವಿ, ಜೂನ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದೂವರೆಗೆ ನಾನು ಗಜೇಂದ್ರಗಡದ ಒಂದು ಖಾಸಗಿ ದವಾಖಾನೆಯ ಕಟ್ಟೆಯ ಮೇಲೆ, ಬಾಗಿಲಿನ ಎಡಗಡೆಗೆ ನಿಂತಿದ್ದೆ. ಅಲ್ಲಿ ನಿಂತು, ಒಬ್ಬ ಹೆಣ್ಣುಮಗಳಿಗೆ ಹೇಳಲೇಬೇಕಾಗಿದ್ದ ಎರಡು ಮಾತುಗಳನ್ನು ಹೇಳಲಿಲ್ಲ. ಮರುದಿನ ಅವರ ಗಂಡ ತೀರಿಕೊಂಡರು. ಹೇಳಿದ್ದೇನೆ ಎಂದು ಆ ಹೆಣ್ಣುಮಗಳ ಎದುರಿಗೇ ಸುಳ್ಳಾಡಿದೆ. ಆ ಸುಳ್ಳಿನ ಬೆನ್ನಿಗೆ ನಾನು ಓದಲು ಹೋದೆ, ಓದಿ ಮುಗಿಸಿದೆ, ಇಂದಿಗೂ ಅದೇ ಓದಿನ ಅನ್ನ ಉಣ್ಣುತ್ತಿದ್ದೇನೆ.

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಕ್ರಮ ತಪ್ಪಿದರೆ ನನಗೆ ಅನುಕೂಲವಾಗುವಂತೆ ಬರೆದುಬಿಡುತ್ತೇನೆ ಎಂಬ ಭಯ ನನಗಿದೆ.

ನನ್ನ ಹೆಸರು ರಫೀಕ. ಆಗ ಇಪ್ಪತ್ಮೂರು ವರ್ಷ. ಬಿ.ಎಸ್ಸಿ. ಮುಗಿಸಿ ಆ ದವಾಖಾನೆಯಲ್ಲಿ ಒಂದು ವರ್ಷದಿಂದ ಕೆಲಸ ಮಾಡುತ್ತಿದ್ದೆ. ಚೆನ್ನೈನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಫಿಜಿಶಿಯನ್ ಅಸಿಸ್ಟೆಂಟ್ ಎಂಬ ಎರಡು ವರ್ಷದ ಸ್ನಾತಕೋತ್ತರ ಓದು ಇತ್ತು. ಡಾಕ್ಟರಲ್ಲ, ನರ್ಸೂ ಅಲ್ಲ. ಡಾಕ್ಟರ ಕೈಕೆಳಗೆ ರೋಗಿಯನ್ನು ವಿಚಾರಿಸುವ, ಪರೀಕ್ಷಿಸುವ, ಬರೆದಿಡುವ ಕೆಲಸ. ಅರ್ಜಿಗೆ ಒಂದು ವರ್ಷ ರೋಗಿಗಳ ನಡುವೆ ದುಡಿದ ಅನುಭವ ಬೇಕಿತ್ತು. ಜೊತೆಗೆ, ನನ್ನನ್ನು ಬಲ್ಲ ಡಾಕ್ಟರೊಬ್ಬರು ಮುಚ್ಚಿದ ಲಕೋಟೆಯಲ್ಲಿ ನೇರವಾಗಿ ಕಳಿಸುವ ಪತ್ರ ಬೇಕಿತ್ತು. ನಮ್ಮ ಡಾಕ್ಟರು ಶನಿವಾರ ಬರೆದುಕೊಡುತ್ತೇನೆ ಎಂದಿದ್ದರು.

ಆ ಡಾಕ್ಟರದ್ದು ಒಂದು ಪದ್ಧತಿ ಇತ್ತು. ಔಷಧ ಕೊಡುವುದು ಅರ್ಧ ಕೆಲಸ, ಮನೆಯವರಿಗೆ ತಿಳಿಸಿ ಹೇಳುವುದು ಇನ್ನರ್ಧ ಎನ್ನುತ್ತಿದ್ದರು. ಏನು ಮಾಡಬೇಕು, ಏನು ಮಾಡಬಾರದು ಎಂದು ನಾವು ಹೇಳಬೇಕು. ರೋಗಿಯ ಕಡೆಯವರು ಅದನ್ನೇ ತಮ್ಮ ಬಾಯಿಂದ ನಮಗೆ ತಿರುಗಿ ಹೇಳಬೇಕು. ಅವರು ಹೇಳಿದ ಮೇಲಷ್ಟೇ ಕೇಸ್ ಪೇಪರಿನ ಮೇಲ್ಮೂಲೆಯಲ್ಲಿ ಒಂದು ಸಣ್ಣ ಸೊನ್ನೆ ಬರೆಯಬೇಕು. ಓದು ಬಾರದವರೇ ಹೆಚ್ಚು ಬರುತ್ತಿದ್ದ ದವಾಖಾನೆ ಅದು. ಆ ಸೊನ್ನೆ ಅವರ ಬಾಯಿಮಾತಿಗೆ ಸಾಕ್ಷಿ.

ಆ ಗುರುವಾರ ಬಂದವರು ಮಲ್ಲಪ್ಪ ಮತ್ತು ಅವರ ಹೆಂಡತಿ ಶಾಂತಕ್ಕ, ನಮ್ಮ ಓಣಿಯ ಹಿಂದಿನ ಓಣಿಯ ನೇಕಾರರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂಡುತ್ತಿದ್ದ ಮಲ್ಲಪ್ಪನವರ ಎಡಗಾಲು ಮೀನಖಂಡದಿಂದ ಕೆಳಕ್ಕೆ ಊದಿತ್ತು. ಬಲಗಾಲು ಎಂದಿನಂತೆ ಇತ್ತು.

"ನೋಡ್ರಿ ಸಾಹೇಬ್ರ, ಉಂಡಿದ್ದು ಒಂದs ಕಾಲಿಗೆ ಹತ್ತೈತಿ," ಎಂದು ಅವರು ಡಾಕ್ಟರಿಗೆ ಹೇಳಿದರು. "ಇನ್ನೊಂದು ಸಿಟ್ಟಿಗೆದ್ದು ಉಪಾಸ ಕುಂತೈತಿ."

ಶಾಂತಕ್ಕ ಸೆರಗು ಬಾಯಿಗೆ ಹಿಡಿದು ನಕ್ಕರು. ಡಾಕ್ಟರು ನಗಲಿಲ್ಲ. ಮೀನಖಂಡವನ್ನು ಮೆಲ್ಲಗೆ ಮುಟ್ಟಿ ನೋಡಿದರು, ಟೇಪು ಹಿಡಿದು ಎರಡೂ ಕಾಲು ಅಳೆದರು. ಅಷ್ಟರಲ್ಲಿ ಹೆರಿಗೆಯ ಕೇಸೊಂದು ಬಂತು. ಒಳಗೆ ಹೋಗುತ್ತ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಹೇಳಿದರು:

"ರಕ್ತ ಹೆಪ್ಪುಗಟ್ಟಿರಬೇಕು. ಹುಬ್ಬಳ್ಳಿಗೆ ಚೀಟಿ ಬರಿ. ಇವತ್ತs ಹೋಗ್ಬೇಕು, ಇವತ್ತಂದ್ರ ಇವತ್ತs. ಮತ್ತ ಕಾಲು ತಿಕ್ಕಬಾರದು. ಎಣ್ಣಿ ಹಚ್ಚಿ ತಿಕ್ಕೂದು ಇವರ ಮನ್ಯಾಗ ಮೊದಲನೇ ಔಷಧ. ಹೆಪ್ಪು ಎದಿಗೆ ಏರಿದ್ರ ಮನಷ್ಯಾ ಉಳಿಯಂಗಿಲ್ಲ. ಎರಡು ಸಲ ಹೇಳು, ಆಕಿ ಬಾಯಿಂದ ಹೇಳಿಸು."

ಈ ಮಾತುಗಳನ್ನು ನಾನು ಪೂರ್ತಿ ಕೇಳಿದೆ. ಕೇಳಿಸಲಿಲ್ಲ ಎಂದು ಒಮ್ಮೆಯೂ ನನಗೆ ಅನ್ನಿಸಿಲ್ಲ.

ಚೀಟಿ ಬರೆದೆ. ಆಗ ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಹನ್ನೊಂದೂ ಮುಕ್ಕಾಲರ ಬಸ್ಸಿಗೆ ರೋಣಕ್ಕೆ ಹೋಗಿ, ನನ್ನ ಹಳೆಯ ಕಾಲೇಜಿನ ಪ್ರಾಂಶುಪಾಲರಿಂದ ಅಂಕಪಟ್ಟಿಗೆ ದೃಢೀಕರಣದ ಸಹಿ ಹಾಕಿಸಿ, ಅಲ್ಲಿಂದಲೇ ಅರ್ಜಿಯನ್ನು ಸ್ಪೀಡ್ ಪೋಸ್ಟ್ ಮಾಡಬೇಕಿತ್ತು. ಮುಂದಿನ ಬಸ್ಸು ಹನ್ನೆರಡೂಕಾಲಿಗೆ ಇತ್ತು. ಅದಕ್ಕೆ ಹೋಗಿದ್ದರೂ ಪ್ರಾಂಶುಪಾಲರು ಸಿಗುತ್ತಿದ್ದರು, ಪೋಸ್ಟೂ ಹೋಗುತ್ತಿತ್ತು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ — ಬಸ್ಸು ತಪ್ಪುತ್ತಿತ್ತು ಎಂಬ ಮಾತನ್ನು ನಾನು ಬಹಳ ವರ್ಷ ನನಗೇ ಹೇಳಿಕೊಂಡಿದ್ದೇನೆ.

ಕಟ್ಟೆಯ ಮೇಲೆ ನಿಂತು ಚೀಟಿ ಕೊಟ್ಟೆ. "ಹುಬ್ಬಳ್ಳಿಗೆ ಹೋಗ್ಬೇಕ್ರಿ," ಎಂದೆ. ಅಷ್ಟೇ ಅಂದದ್ದು.

"ಮಗ್ಗದ ಮ್ಯಾಲಿನ ಸೀರಿ ನಾಳಿಗೆ ಮುಗೀತೈತಿ," ಎಂದರು ಮಲ್ಲಪ್ಪ. "ಮುಗಿಸಿ ಹೋದ್ರ ನಡಿತೈತೇನ್ರಿ?"

ನಾನು ಉತ್ತರ ಕೊಡಲಿಲ್ಲ. ಬಗ್ಗಿ ಚಪ್ಪಲಿ ಮೆಟ್ಟುತ್ತಿದ್ದೆ.

ಶಾಂತಕ್ಕ ಕೇಳಿದರು: "ತಮ್ಮಾ, ಅಲ್ಲೀತನಕ ಎಣ್ಣಿ ಕಾಸಿ ತಿಕ್ಕಲೇನಪಾ?"

ನಾನು ಗೋಣು ಹಾಕಿದೆ. ಹೌದು ಎನ್ನುವ ಹಾಗೆ — ಒಂದು ಸಲ, ಮೇಲಿಂದ ಕೆಳಕ್ಕೆ. ಆಮೇಲೆ ಒಳಗೆ ಹೋಗಿ, ಮೇಜಿನ ಮೇಲಿದ್ದ ಕೇಸ್ ಪೇಪರಿನ ಮೂಲೆಯಲ್ಲಿ ಸೊನ್ನೆ ಬರೆದು, ಓಡಿದೆ.

ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿತು. ಅರ್ಜಿ ಆ ದಿನವೇ ಹೋಯಿತು.

ಮರುದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮಲ್ಲಪ್ಪನವರ ಅಣ್ಣ ಬಸಪ್ಪ ಡಾಕ್ಟರನ್ನು ಕರೆಯಲು ಬಂದರು. ಡಾಕ್ಟರ ಚೀಲ ಹಿಡಿದುಕೊಂಡು ನಾನೂ ಹೋದೆ. ಬೆಳಗಿನ ಜಾವಕ್ಕೇ ಸೀರೆ ಮುಗಿಸಿ, ಹುಬ್ಬಳ್ಳಿಗೆ ಹೊರಡಲೆಂದು ಅಂಗಿ ತೊಟ್ಟು ಎದ್ದಿದ್ದ ಮಲ್ಲಪ್ಪ ಹೊಸ್ತಿಲ ಹತ್ತಿರ ಎದೆ ಹಿಡಿದುಕೊಂಡು ಬಿದ್ದಿದ್ದರು. ನಾವು ಹೋಗಿ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮನೆಯಲ್ಲಿ ಕಾಸಿದ ಎಣ್ಣೆಯ ವಾಸನೆ ಇತ್ತು. ಎಡಗಾಲು ಮಿಂಚುತ್ತಿತ್ತು.

"ಕಾಲು ಯಾರು ತಿಕ್ಕಿದ್ರಿ?" ಎಂದರು ಡಾಕ್ಟರು.

"ನಾನ್ರಿ," ಎಂದರು ಶಾಂತಕ್ಕ. "ನಿನ್ನಿ ಎರಡು ಸಲ, ಇವತ್ತ ಮುಂಜಾನೆ ಒಂದು ಸಲ. ಹಗುರಾತು ಅಂದ್ರು..."

"ತಿಕ್ಕಬ್ಯಾಡ್ರಿ ಅಂತ ಹೇಳಿಸಿದ್ದೆನಲ್ಲವ್ವಾ!"

ಶಾಂತಕ್ಕ ನನ್ನತ್ತ ತಿರುಗಿದರು. ಕೋಪದಿಂದ ಅಲ್ಲ, ನೆರವಿಗೆ ಕರೆಯುವಂತೆ. "ಈ ತಮ್ಮನ್ನ ಕೇಳಿದ್ನಲ್ರಿ. ತಿಕ್ಕಲೇನು ಅಂದೆ. ಹ್ಞೂಂ ಅಂತ ಗೋಣು ಹಾಕಿದ್ರು."

ಮನೆಯಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಡಾಕ್ಟರೂ. ಪತ್ರ ಬರೆಯುವ ಶನಿವಾರಕ್ಕೆ ಇನ್ನು ಒಂದು ದಿನ ಇತ್ತು.

"ಇಲ್ಲರಿ," ಎಂದೆ. "ತಿಕ್ಕಬ್ಯಾಡ್ರಿ ಅಂತ ಎರಡು ಸಲ ಹೇಳೀನಿ. ಅವರೂ ತಿರುಗಿ ಹೇಳ್ಯಾರ. ಪೇಪರ್ ಮ್ಯಾಲೆ ಗುರುತು ಐತಿ."

ಎಷ್ಟು ಸರಾಗವಾಗಿ ಬಂತು ಅದು. ಶಾಂತಕ್ಕ ಎಣ್ಣೆ ಅಂಟಿದ ತಮ್ಮ ಕೈಗಳನ್ನು ನೋಡಿಕೊಂಡರು. ಡಾಕ್ಟರು ಕಣ್ಣು ಮುಚ್ಚಿ ತೆರೆದರು. ಅವರು ನನ್ನನ್ನು ನಂಬಿದ್ದರು. ನಂಬದಿರಲು ನಾನು ಆವರೆಗೆ ಕಾರಣ ಕೊಟ್ಟಿರಲಿಲ್ಲ.

ಬಸಪ್ಪ ತಮ್ಮನ ಹೆಂಡತಿಗೆ ಹೇಳಿದ್ದು ಒಂದೇ ಮಾತು: "ನಿನ್ನ ಕೈಗುಣ ಚಲೋ ಅಂತ ಭಾಳ ಸೊಕ್ಕಿತ್ತಲ್ಲ ನಿನಗ. ಈಗ ನೋಡು."

ಆ ಕೈಗಳ ಬಗ್ಗೆ ಹೇಳಬೇಕು. ನಮ್ಮ ನಾಲ್ಕು ಓಣಿಗಳಲ್ಲಿ ಹುಟ್ಟಿದ ಕೂಸಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದವರು ಶಾಂತಕ್ಕ. ಹಿಂದೂಗಳ ಮನೆ, ಮುಸಲ್ಮಾನರ ಮನೆ ಎಂದಿರಲಿಲ್ಲ. ಚಾಚಿದ ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ಅವರು ತಿಕ್ಕಿದರೆ ಅಳುವ ಕೂಸು ಅಲ್ಲೇ ನಿದ್ದೆ ಹೋಗುತ್ತಿತ್ತು. ನನ್ನ ಅಕ್ಕನ ಮೊದಲ ಮಗನಿಗೆ ಎರೆದವರೂ ಅವರೇ.

ಆ ಮಧ್ಯಾಹ್ನ ದವಾಖಾನೆಯ ಹಿತ್ತಲಲ್ಲಿ ಹಜರತಬಿ ನನ್ನನ್ನು ನಿಲ್ಲಿಸಿದಳು. ದವಾಖಾನೆಯ ಕಸಗುಡಿಸಿ ನೆಲ ಒರೆಸುವವಳು. ಹಿಂದಿನ ದಿನ ನಾನು ಕಟ್ಟೆಯ ಮೇಲೆ ನಿಂತಿದ್ದಾಗ ಎರಡು ಮಾರು ದೂರದಲ್ಲಿ, ನಾನು ಕಾಲೆತ್ತಲಿ ಎಂದು ಒದ್ದೆ ಬಟ್ಟೆ ಹಿಡಿದು ಕಾದಿದ್ದಳು. ನಾವಿಬ್ಬರೂ ಉರ್ದು ಆಡುವವರು. ಅಂದು ಆಕೆ ಕನ್ನಡದಲ್ಲೇ ಮಾತು ತೆಗೆದಳು — ಬೇರೆಯವರಿಗೂ ಕೇಳಲಿ ಎಂದೋ ಏನೋ.

"ರಫೀಕ, ನಾ ಅಲ್ಲೇ ಇದ್ನಲ್ಲೋ. ನೀ ಬಾಯಿ ಎಲ್ಲಿ ತೆರದಿ?"

"ಚಾಚಿ, ಸುಮ್ಕಿರು. ನನ್ನ ಫಾರ್ಮ್ ಹೋಗೈತಿ."

"ನಿನ್ನ ಫಾರ್ಮ್ ಹೋಗೈತಿ. ಆಕಿದು ಏನೇನು ಹೋಗೈತಿ, ಅದನ್ನೂ ಒಂದೀಟು ನೋಡ್ಕೋ."

ಅಷ್ಟು ಹೇಳಿ ಬಕೆಟ್ ಎತ್ತಿಕೊಂಡಳು. ಆಮೇಲೆ ಯಾರ ಮುಂದೆಯೂ ಹೇಳಲಿಲ್ಲ. ಅವಳೂ ಅಲ್ಲೇ ದುಡಿದು ಉಣ್ಣುವವಳು. ಅವಳ ಮೌನದ ಭಾರವನ್ನೂ ನಾನೇ ಹೊರಿಸಿದ್ದು.

ಜುಲೈನಲ್ಲಿ ಸಂದರ್ಶನಕ್ಕೆ ಕರೆ ಬಂತು. ಅಲ್ಲಿ, ನಿನಗೆ ಪಾಠ ಕಲಿಸಿದ ಒಬ್ಬ ರೋಗಿಯ ಬಗ್ಗೆ ಹೇಳು ಎಂದರು. ನಾನು ಮಲ್ಲಪ್ಪನವರ ಬಗ್ಗೆ ಹೇಳಿದೆ. ಬೇರೆ ಯಾರ ಬಗ್ಗೆಯಾದರೂ ಹೇಳಬಹುದಿತ್ತು — ಒಂದು ವರ್ಷದಲ್ಲಿ ಎಷ್ಟು ಜನರನ್ನು ನೋಡಿರಲಿಲ್ಲ? ಆದರೂ ಅವರನ್ನೇ ಆರಿಸಿಕೊಂಡೆ. ಎರಡು ಸಲ ಹೇಳಿದರೂ ಮನೆಯವರು ಕೇಳಲಿಲ್ಲ, ರೂಢಿಯ ಎದುರು ನಮ್ಮ ಮಾತು ಸೋತಿತು ಎಂದೆ. ನನ್ನ ಕಣ್ಣಲ್ಲಿ ನೀರು ಬಂತು. ಆ ನೀರು ಸುಳ್ಳಿನದೋ ಖರೇದೋ, ಇಂದಿಗೂ ಬಗೆಹರಿದಿಲ್ಲ. ಎದುರಿಗಿದ್ದ ಮೂವರಲ್ಲಿ ಒಬ್ಬರು ಏನನ್ನೋ ಬರೆದುಕೊಂಡು ತಲೆದೂಗಿದರು. ಸೀಟು ಸಿಕ್ಕಿತು.

ಮೊದಲ ವರ್ಷವೇ ಆ ಪಾಠ ಬಂತು: ಕಾಲಿನ ರಕ್ತನಾಳದ ಹೆಪ್ಪು ಶ್ವಾಸಕೋಶಕ್ಕೆ ಏರುವುದು. ಕಾಲನ್ನು ತಿಕ್ಕಿದರೆ ಏನಾಗುತ್ತದೆ ಎಂದು ಕೇಳಿದೆ. ಹೆಪ್ಪು ಜಾರಬಹುದು ಎಂದರು ಪಾಠ ಮಾಡುತ್ತಿದ್ದ ಮೇಡಂ. ತಿಕ್ಕದೆಯೂ ಜಾರುತ್ತದೆ, ಒಬ್ಬ ರೋಗಿಯ ಮಟ್ಟಿಗೆ ಇದೇ ಕಾರಣ ಎಂದು ಯಾರೂ ಖಚಿತವಾಗಿ ಹೇಳಲಾರರು. ಆ ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಎಷ್ಟೋ ದಿನ ಅದನ್ನು ತೆಗೆದು ಓದುತ್ತಿದ್ದೆ. ಆದರೆ ಅದು ಸಾವಿನ ಬಗೆಗಿನ ವಾಕ್ಯ. ನನ್ನ ಸುಳ್ಳಿನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

ಎರಡನೆಯ ವರ್ಷ, ಕಚೇರಿಯಲ್ಲಿ ನನ್ನ ಫೈಲು ತೆರೆದಿದ್ದಾಗ ಡಾಕ್ಟರ ಪತ್ರ ಕಣ್ಣಿಗೆ ಬಿತ್ತು. ಇಂಗ್ಲಿಷಿನಲ್ಲಿ ಬರೆದಿದ್ದರು. ಈ ಹುಡುಗನಿಗೆ ಹೇಳಿಕಳಿಸಿದ ಮಾತು ಹೇಳಿದ ಹಾಗೇ ಮುಟ್ಟುತ್ತದೆ. ಇವನು ಹಾಕಿದ ಗುರುತನ್ನು ನಾನು ಇನ್ನೊಮ್ಮೆ ನೋಡುವುದಿಲ್ಲ — ಇದು ಅದರ ಅರ್ಥ. ಕೆಳಗೆ ಶನಿವಾರದ ತಾರೀಖು.

2007ರಲ್ಲಿ ಓದು ಮುಗಿಸಿ ಊರಿಗೆ ಬಂದೆ. ಅಕ್ಕನಿಗೆ ಎರಡನೆಯ ಹೆರಿಗೆಯಾಗಿತ್ತು. ಕೂಸಿಗೆ ಎರೆಯಲು ಶಾಂತಕ್ಕನನ್ನು ಕರೆಯುವುದಿಲ್ಲವೇ ಎಂದು ಅಮ್ಮನನ್ನು ಕೇಳಿದೆ. "ಈಗ ಆಕಿನ್ನ ಯಾರೂ ಕರಿಯಂಗಿಲ್ಲ," ಎಂದಳು ಅಮ್ಮ. ಬಾಗಿಲಲ್ಲಿ ಕುಳಿತಿದ್ದ ನೆರೆಮನೆಯವಳು ಪೂರ್ತಿ ಮಾಡಿದಳು: "ಗಂಡನ್ನ ತಿಕ್ಕಿ ಕೊಂದಾಕಿ ಕೈಯಾಗ ಯಾರು ಕೂಸು ಕೊಡ್ತಾರವಾ?"

ನಾನು ಅವರ ಮನೆಗೆ ಹೋದೆ. ಖರೇ ಹೇಳಲೆಂದೇ ಹೋದೆ. ಶಾಂತಕ್ಕ ಬೇರೆಯವರ ಮಗ್ಗಕ್ಕೆ ನೂಲು ಸುತ್ತುತ್ತ ಕುಳಿತಿದ್ದರು. ನೀರು ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಕೇಳಿದರು:

"ತಮ್ಮಾ, ದೊಡ್ಡ ಸಾಲಿ ಕಲ್ತು ಬಂದಿ. ಒಂದು ಹೇಳು. ಆವತ್ತ ನೀ ಎರಡೆರಡು ಸಲ ಹೇಳಿದ್ದು ನನ್ನ ತಲಿಗೆ ಹ್ಯಾಂಗ ಹೋಗಲಿಲ್ಲ? ನೀ ಗೋಣು ಹಾಕಿದ್ದು ಈಗೂ ಕಣ್ಮುಂದ ಕಾಣ್ತೈತಿ. ಇಲ್ಲದ್ದು ಹಿಂಗ ಕಾಣ್ತೈತೇನು?"

ತಮ್ಮ ಕಣ್ಣನ್ನು ಬಿಟ್ಟು ನನ್ನ ಮಾತನ್ನು ನಂಬಲು ಎರಡು ವರ್ಷ ಹೆಣಗಿದ್ದರು ಅವರು. ನಾನು ಹೇಳಬೇಕಾಗಿದ್ದು ಒಂದೇ ಮಾತು. ಅದರ ಬದಲು — ಓದಿ ಬಂದವನ ದನಿಯಲ್ಲಿ, ಮೆತ್ತಗೆ —

"ಗಾಬರ್ಯಾಗಿರಬೇಕು ಶಾಂತಕ್ಕ," ಎಂದೆ. "ಗಾಬರ್ಯಾದಾಗ ಹಂಗ ಆಗ್ತೈತಿ."

"ಹೌದು," ಎಂದರು ಅವರು. "ಗಾಬರಿ ಆಗಿರಬೇಕು." ಮತ್ತೆ ನೂಲು ಸುತ್ತತೊಡಗಿದರು.

ಮೊದಲ ಸುಳ್ಳಿಗೆ ಭಯವಿತ್ತು, ಅರ್ಜಿಯಿತ್ತು. ಈ ಎರಡನೆಯದಕ್ಕೆ ಏನೂ ಇರಲಿಲ್ಲ. ಪ್ರಮಾಣಪತ್ರ ಆಗಲೇ ನನ್ನ ಕೈಯಲ್ಲಿತ್ತು.

ಇದನ್ನು ಅಚ್ಚಿಗೆ ಕಳಿಸುವ ಮುನ್ನ ಅವರ ಮನೆಗೆ ಹೋಗಿ, ಬಸಪ್ಪನವರನ್ನೂ ಕೂಡಿಸಿಕೊಂಡು, ಪೂರ್ತಿ ಓದಿ ಹೇಳುತ್ತೇನೆ. ಅದಾದ ಮೇಲೆ ಶಾಂತಕ್ಕ ಏನು ಹೇಳುತ್ತಾರೋ ಅದು ಅವರಿಗೆ ಬಿಟ್ಟದ್ದು. ಅದನ್ನು ನಾನು ಬರೆಯುವುದಿಲ್ಲ.

ಡಾಕ್ಟರು ತೀರಿಕೊಂಡು ಕೆಲವು ವರ್ಷಗಳಾದವು. ಅವರು ನನ್ನನ್ನು ನಂಬಿಕೊಂಡೇ ಹೋದರು. ಆ ಗುರುವಾರ ಕಟ್ಟೆಯ ಮೇಲೆ ನಾನು ಗೋಣು ಹಾಕಿದ್ದನ್ನು ಕಂಡವರು ಮೂವರು. ಮಲ್ಲಪ್ಪ ಇಲ್ಲ. ಶಾಂತಕ್ಕ ಇದ್ದಾರೆ, ಅವರು ಕಂಡದ್ದು ಖರೇ. ಹಜರತಬಿ ಇದ್ದಾಳೆ, ಗಜೇಂದ್ರಗಡದಲ್ಲೇ, ಮಗಳ ಮನೆಯಲ್ಲಿ. ಕಿವಿ ಮಂದವಾಗಿದೆ, ಗಟ್ಟಿಯಾಗಿ ಕೇಳಬೇಕು. ಕೇಳಿದರೆ ಹೇಳುತ್ತಾಳೆ.