ಅಪ್ಪನ ಕೈಗಿಟ್ಟ ಸುಟ್ಟ ಕಾಯಿಲ್

ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ನನಗೆ ಖಚಿತವಿಲ್ಲ. ಒಂದೇ ಸಂಗತಿಯನ್ನು ವರ್ಷಗಟ್ಟಲೆ ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದರೆ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬ ಗೆರೆ ಅಳಿಸಿಹೋಗುತ್ತದೆ. ಅಪ್ಪ ಅಂದು ಅಲ್ಲವೆಂದು ತಲೆ ಅಲ್ಲಾಡಿಸಿದರೇ? ಅಲ್ಲಾಡಿಸಿದರು ಎಂದು ಒಂದು ದಿನ ಅನ್ನಿಸುತ್ತದೆ. ಇನ್ನೊಂದು ದಿನ, ಅದು ಬರೀ ನಡುಕವಾಗಿತ್ತು ಎನ್ನಿಸುತ್ತದೆ.

ಕಳೆದ ತಿಂಗಳು ಶಾಮನೂರಿನ ನಮ್ಮ ಈಗಿನ ಮನೆಯಲ್ಲಿ ಬಟ್ಟೆ ಒಣಗಿಸುವ ಯಂತ್ರ ಕೆಟ್ಟಿತು. ಡ್ರಮ್ಮು ತಿರುಗುತ್ತಿತ್ತು, ಬಿಸಿ ಬರುತ್ತಿರಲಿಲ್ಲ. ರಿಪೇರಿಗೆ ಬಂದವರು ಹಿಂದಿನ ತಗಡು ಬಿಚ್ಚಿ, ಕೊಳವೆಯೊಳಗೆ ಕೈ ಹಾಕಿ, ಬಟ್ಟೆಗಳಿಂದ ಉದುರಿದ ಬೂದು ಬಣ್ಣದ ಜುಂಗಿನ ದೊಡ್ಡ ಉಂಡೆಯೊಂದನ್ನು ಹೊರಗೆಳೆದರು. ಸೀದ ಹತ್ತಿಯ ವಾಸನೆ ಬಂತು. ನಾನು ಹಿಂದೆ ಸರಿದು ಗೋಡೆಗೆ ಒರಗಿದೆ. ಅದು ದಾವಣಗೆರೆಯ ವಿನೋಬನಗರದ ನಮ್ಮ ಹಳೆಯ ಮನೆಯಲ್ಲಿ ಅಪ್ಪ ಮಲಗಿದ್ದ ಕೋಣೆಯ ವಾಸನೆ.

ಬಂದವರು ಫೋನಿನಲ್ಲಿ ಪಟ್ಟಿ ತೋರಿಸಿದರು. ಮನೆಗೆ ಬಂದದ್ದಕ್ಕೆ ಇಷ್ಟು, ಸಾಮಾನಿಗೆ ಇಷ್ಟು, ಕೂಲಿಗೆ ಇಷ್ಟು. ಯಾವ ಸಾಮಾನು, ಯಾಕೆ ಹೋಯಿತು, ಹಳೆಯದನ್ನು ತೋರಿಸಿ, ಅದು ಈ ಯಂತ್ರದ್ದೇ ಎನ್ನುವುದಕ್ಕೆ ಏನು ಗುರುತು ಎಂದು ನಾನು ಒಂದೇ ಸಮನೆ ಕೇಳತೊಡಗಿದೆ. ಅಡುಗೆಮನೆಯಿಂದ ನನ್ನ ಹೆಂಡತಿ, “ಹಂಗೇ ಅವರ ಜಾತಕಾನೂ ಒಂದು ಕೇಳಿಬಿಡ್ರಿ,” ಎಂದಳು. ರಿಪೇರಿಯವರು ನಕ್ಕರು. ನನಗೆ ನಗು ಬರಲಿಲ್ಲ. ನಾನು ಹೀಗೆ ಕೇಳುವುದನ್ನು ಕಲಿತದ್ದು ಒಬ್ಬರಿಂದ. ಅವರನ್ನು ನಾವು ಹರಿಹರದ ಮಾಮ ಎನ್ನುತ್ತಿದ್ದೆವು.

ಅವರು ನಮಗೆ ರಕ್ತಸಂಬಂಧಿಯಲ್ಲ. ಹರಿಹರದ ಕಾರ್ಖಾನೆಯೊಂದರಲ್ಲಿ ಅಪ್ಪ ಫೋರ್‌ಮನ್ ಆಗಿದ್ದಾಗ ಅವರ ಕೈಕೆಳಗೆ ಫಿಟ್ಟರ್ ಆಗಿದ್ದವರು. ಅಮ್ಮ ಅವರನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಮಾಮ. ಕೆಲಸ ಬಿಟ್ಟ ಮೇಲೆ ಅವರು ಹರಿಹರದ ಬಸ್ ನಿಲ್ದಾಣದ ಹಿಂದೆ ಸಣ್ಣದೊಂದು ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ಆ ಹೊತ್ತಿಗೆ ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು.

ಹಾಸಿಗೆ ಹಿಡಿದವರ ಮನೆಯಲ್ಲಿ ದಿನಕ್ಕೆ ಎಷ್ಟು ದುಪ್ಪಟಿ ಬೇಕಾಗುತ್ತವೆ ಎನ್ನುವುದು ನೋಡಿಕೊಂಡವರಿಗೇ ಗೊತ್ತು. ನಮ್ಮದು ಎರಡು ಮನೆಗಳ ನಡುವೆ ಸಿಕ್ಕಿಕೊಂಡಿದ್ದ ಬಾಡಿಗೆ ಮನೆ. ಬಿಸಿಲು ಒಳಗೆ ಬರುತ್ತಿರಲಿಲ್ಲ. ತಾರಸಿಯ ಬೀಗದ ಕೈ ಮಾಲೀಕರ ಸೊಂಟದಲ್ಲಿತ್ತು. ಬೆನ್ನಿಗೆ ಒದ್ದೆ ತಾಗಿದರೆ ಹುಣ್ಣಾಗುತ್ತದೆ, ಹುಣ್ಣಾದರೆ ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆಗಲೇ ಮಾಮ ಗ್ಯಾಸಿನಲ್ಲಿ ನಡೆಯುವ ಒಂದು ಬಟ್ಟೆ ಒಣಗಿಸುವ ಯಂತ್ರವನ್ನು ಹುಡುಕಿ ತಂದರು. ಕಾರ್ಖಾನೆಯ ಅಧಿಕಾರಿಯೊಬ್ಬರು ವಿದೇಶದಿಂದ ತರಿಸಿಕೊಂಡಿದ್ದು, ಊರು ಬಿಡುವಾಗ ಮಾರಿದ್ದರು. ದಾವಣಗೆರೆಯಲ್ಲಿ ಅಂಥ ಇನ್ನೊಂದು ಇತ್ತೋ ಇಲ್ಲವೋ. ಅದರಲ್ಲಿ ಗ್ಯಾಸ್ ಹೊರಬರುವ ಸಣ್ಣ ತೂತಿನ ಜೆಟ್ ಬದಲಿಸಿ, ನಮ್ಮ ಅಡುಗೆ ಸಿಲಿಂಡರಿಗೆ ಹೊಂದಿಸಿ ಕೊಟ್ಟವರು ಅವರೇ.

ಮೂರು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಕ್ಯಾನ್ವಾಸ್ ಚೀಲ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. ಮೊದಲು ಯಂತ್ರದ ಕಡೆ ಹೋಗುತ್ತಿರಲಿಲ್ಲ. ಅಪ್ಪನ ಕೋಣೆಗೆ ಹೋಗಿ, ಅವರ ಕಂಕುಳಿಗೆ ಕೈ ಕೊಟ್ಟು ಎತ್ತಿ, ದಿಂಬಿಗೆ ಒರಗಿಸಿ ಕೂಡಿಸುತ್ತಿದ್ದರು. “ಏನ್ ಸಾಹೇಬ್ರೇ, ಇನ್ನೂ ಶಿಫ್ಟ್ ಮುಗಿದಿಲ್ಲೇನು?” ಎನ್ನುತ್ತಿದ್ದರು. ಅಪ್ಪನ ಬಾಯಿಯ ಎಡಮೂಲೆ ಮಾತ್ರ ನಗುತ್ತಿತ್ತು.

ಆಮೇಲೆ ಕೆಲಸ. ಸೋಪಿನ ನೊರೆ ಮಾಡಿ ಗ್ಯಾಸ್ ಪೈಪಿನ ಪ್ರತಿ ಜೋಡಣೆಗೂ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವರು. ಒಳಗೆ ಬೆಂಕಿ ಹಚ್ಚಿ ಕಂಡಿಯಲ್ಲಿ ಇಣುಕುವರು. “ಅಕ್ಕಾರೇ, ಉರಿ ನೀಲಿ ಇರಬೇಕು. ಹಳದಿ ಬಂತೋ, ಬಂದ್ ಮಾಡಿ ನನಗೆ ಫೋನ್ ಮಾಡ್ರಿ. ಜುಂಗು ಮಾತ್ರ ದಿನಾ ತೆಗೀರಿ, ಸೋಮಾರಿತನ ಬ್ಯಾಡ,” ಎಂದು ಅಮ್ಮನಿಗೆ ಹೇಳುವರು. ಅಮ್ಮ, “ನಾನು ಸೋಮಾರಿ ಆಗಿದ್ರೆ ನಿಮ್ಮ ಸಾಹೇಬ್ರು ಇಷ್ಟು ಬೆಳ್ಳಗೆ ಇರ್ತಿದ್ರೇನಣ್ಣಾ?” ಎನ್ನುತ್ತಿದ್ದಳು.

ಯಾವುದಾದರೂ ಸಾಮಾನು ಬದಲಿಸಿದರೆ, ಬಿಚ್ಚಿದ ಹಳೆಯದನ್ನು ಒರೆಸಿ ಅಪ್ಪನ ಎಡ ಅಂಗೈಯಲ್ಲಿ ಇಡುತ್ತಿದ್ದರು. ಕಾರ್ಖಾನೆಯ ಪದ್ಧತಿ ಅದು. ಸವೆದದ್ದನ್ನು ಫೋರ್‌ಮನ್‌ಗೆ ತೋರಿಸಿ, ಆತ ಹೂಂ ಅಂದ ಮೇಲೆಯೇ ಸ್ಟೋರಿನಲ್ಲಿ ಹೊಸದು ಕೊಡುತ್ತಿದ್ದದ್ದು. ಅಪ್ಪ ಅದನ್ನು ಬೆರಳಲ್ಲಿ ಹೊರಳಿಸಿ, ಸವೆದ ಜಾಗದ ಮೇಲೆ ಹೆಬ್ಬೆರಳು ಆಡಿಸಿ, ತಲೆದೂಗುವರು. ಆಮೇಲೆ ಮಾಮ ಖರ್ಚು ಹೇಳುವರು. ತಲೆದೂಗಿದ ಮೇಲೆ ನಾವು ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ಆ ಮನೆಯಲ್ಲಿ ಅಪ್ಪನಿಗೆ ಉಳಿದಿದ್ದ ಒಂದೇ ಅಧಿಕಾರ ಅದು… ಈಗ ಹಾಗನ್ನಿಸುತ್ತದೆ. ಆಗ ನನಗೆ ಅದೊಂದು ನಾಟಕದಂತೆ ಕಾಣುತ್ತಿತ್ತು.

ನಾನಾಗ ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೆ. ಹಾಸ್ಟೆಲಿನಿಂದ ಬಂದಾಗಲೆಲ್ಲ ಮನೆಯಲ್ಲಿ ನನಗೆ ತಿಳಿದಷ್ಟು ಯಾರಿಗೂ ತಿಳಿದಿಲ್ಲ ಎಂಬಂತೆ ಮಾತಾಡುತ್ತಿದ್ದೆ.

ಒಂದು ಆಷಾಢದಲ್ಲಿ ಯಂತ್ರ ಬಿಸಿಯಾಗುವುದು ನಿಂತಿತು. ಮಾಮ ಬಂದು ಬಹಳ ಹೊತ್ತು ಬಿಚ್ಚಿ ನೋಡಿದರು. ನಾನು ರಜೆಗೆ ಬಂದಿದ್ದೆ. ಆಮೇಲೆ ಸುರುಳಿ ಸುರುಳಿಯಾದ, ಕಪ್ಪಾಗಿ ತುಂಡಾದ ಒಂದು ಕಾಯಿಲ್ ಹಿಡಿದುಕೊಂಡು ಹೊರಗೆ ಬಂದರು. ನನ್ನನ್ನು ನೋಡಿಯೇ ಹೇಳಿದರು ಎಂದು ನೆನಪು. “ಬಿಸಿ ಮಾಡೋ ಕಾಯಿಲ್ ಸುಟ್ಟೈತೆ. ಇಲ್ಲಿ ಸಿಗಲ್ಲ, ಹೊರದೇಶದಿಂದ ತರಿಸಬೇಕು. ನಾನು ಸುಳ್ಳು ಹೇಳಲ್ಲಪ್ಪ, ಮಷಿನ್ ತಗೊಂಡಿದ್ದಕ್ಕಿಂತ ಜಾಸ್ತಿ ಆಗತೈತೆ.”

ನಾನು ಲೆಕ್ಕ ಹಾಕಿದೆ. ರಿಪೇರಿಯ ಖರ್ಚು ವಸ್ತುವಿನ ಬೆಲೆಯ ಅರ್ಧ ದಾಟಿದರೆ ವಸ್ತುವನ್ನು ಬಿಡಬೇಕು, ಹಿಂದೆ ಹಾಕಿದ ಹಣ ನೆನೆದು ಅಳಬಾರದು ಎಂದು ಅಮ್ಮನಿಗೆ ಪಾಠ ಹೇಳಿದೆ. ಅವರು ಹೇಳಿದ ಮೊತ್ತ ಎಲ್ಲಿಂದ ಬಂತು ಎಂದು ಮಾತ್ರ ಕೇಳಲಿಲ್ಲ. ಸಾಮಾನಿನ ಬೆಲೆ ಎಷ್ಟು, ಸಾಗಣೆ ಎಷ್ಟು, ಕೂಲಿ ಎಷ್ಟು ಎಂದು ಬಿಡಿಸಿ ಕೇಳಲಿಲ್ಲ. ತೂಕಕ್ಕೆ ಹಾಕಿದರೆ ಏನು ಸಿಗುತ್ತದೆ ಎಂದು ನಾನೇ ಕೇಳಿದೆನೋ, ಅವರೇ ಹೇಳಿದರೋ… ಇಲ್ಲಿ ನನ್ನ ನೆನಪು ಮಸುಕು.

ಆದರೆ ಇಷ್ಟು ನೆನಪಿದೆ. ಮಾಮ ಎಂದಿನಂತೆ ಆ ಕಾಯಿಲನ್ನು ಅಪ್ಪನ ಎಡಗೈಯಲ್ಲಿ ಇಟ್ಟರು. ಅಪ್ಪ ಅದರ ಮೇಲೆ ಬೆರಳಾಡಿಸಿದರು. ತಲೆದೂಗಲಿಲ್ಲ. ಕಾಯಿಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಆ ಮುಷ್ಟಿಯಿಂದ ಮಂಚದ ಪಟ್ಟಿಗೆ ಹೊಡೆಯತೊಡಗಿದರು. ಗಂಟಲಿನಿಂದ ಏನೋ ಶಬ್ದ ಬರುತ್ತಿತ್ತು. ಕಣ್ಣು ಮಾಮನ ಮೇಲಲ್ಲ, ನನ್ನ ಮೇಲೆ ನೆಟ್ಟಿತ್ತು. ಮಾಮ, “ಸಾಹೇಬ್ರಿಗೆ ಮಷಿನ್ ಮೇಲೆ ಭಾಳ ಪ್ರೀತಿ,” ಎಂದರು. ಅಮ್ಮ ನನ್ನ ಕಡೆ ನೋಡಿದಳು.

“ಅವರಿಗೆ ತಿಳಿಯಲ್ಲಮ್ಮ, ಗೊಂದಲ ಆಗೈತೆ,” ಎಂದೆ ನಾನು.

ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕಾಯಿಲನ್ನು ತೆಗೆದುಕೊಟ್ಟವನು ನಾನೇ. ಮಧ್ಯಾಹ್ನ ಮಾಮ ಕರೆಸಿದ ಲಗೇಜ್ ಆಟೋದಲ್ಲಿ ಯಂತ್ರ ಹೋಯಿತು. ಗುಜರಿಯವರು ಕೊಡುವುದಕ್ಕಿಂತ ಹೆಚ್ಚೇ ಕೊಟ್ಟಿದ್ದೇನೆ ಎಂದು ಹೇಳಿ ಮಾಮ ಅಮ್ಮನ ಕೈಗೆ ಹಣ ಕೊಟ್ಟರು. ಅಮ್ಮ ಊಟ ಮಾಡದೆ ಹೋಗಬೇಡಿ ಎಂದು ರೊಟ್ಟಿ ಬಡಿಸಿದಳು. ಅವರು ಉಂಡರು.

ಆ ಮಳೆಗಾಲ ಅಮ್ಮ ಅರ್ಧ ಒಣಗಿದ ದುಪ್ಪಟಿಗಳಿಗೆ ಇಸ್ತ್ರಿ ಹಾಕಿ ಹಾಕಿ ಮೊಣಕೈ ನೋವು ತಂದುಕೊಂಡಳು. ಶ್ರಾವಣ ಮುಗಿಯುವುದರೊಳಗೆ ಅಪ್ಪನ ಬೆನ್ನಿನಲ್ಲಿ ಹುಣ್ಣಾಯಿತು. ದೀಪಾವಳಿಗೆ ಅವರಿರಲಿಲ್ಲ. ಒಂದಕ್ಕೆ ಒಂದು ಕಾರಣ ಎಂದು ಹೇಳುವ ಧೈರ್ಯ ನನಗಿಲ್ಲ. ಲಕ್ವ ಹೊಡೆದವರು ಒಣ ಹಾಸಿಗೆಯಲ್ಲೂ ಹೋಗುತ್ತಾರೆ. ಮಣ್ಣಿಗೆ ಬಂದ ಮಾಮ ಎಲ್ಲರಿಗಿಂತ ಜೋರಾಗಿ ಅತ್ತರು. ಆ ಅಳು ಸುಳ್ಳು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಅದೇ ನನ್ನನ್ನು ಹೆಚ್ಚು ಕಾಡುವುದು.

ಎರಡು ವರ್ಷದ ಮೇಲೆ ಸ್ನೇಹಿತನ ಮದುವೆಗೆಂದು ಹರಿಹರಕ್ಕೆ ಹೋಗಿ ಒಂದು ಲಾಡ್ಜಿನಲ್ಲಿ ಉಳಿದಿದ್ದೆ. ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಪರಿಚಿತ ಸದ್ದು ಕೇಳಿಸಿತು. ತಗಡಿನ ಮರೆಯಲ್ಲಿ ನಮ್ಮ ಯಂತ್ರ ತಿರುಗುತ್ತಿತ್ತು. ನಮ್ಮದೇ ಎಂದು ಹೇಗೆ ಹೇಳಲಿ? ಬಾಗಿಲ ಬಲಗಡೆ ತಗ್ಗಿತ್ತು ಎಂದು ನೆನಪು, ಆದರೆ ಆ ತಗ್ಗು ನಮ್ಮ ಮನೆಯಲ್ಲಿದ್ದಾಗಲೂ ಇತ್ತೇ? ಬಟ್ಟೆ ತುಂಬುತ್ತಿದ್ದ ಹೆಂಗಸನ್ನು ಕೇಳಿದೆ.

“ಬಸ್ ಸ್ಟ್ಯಾಂಡ್ ಹಿಂದಿನ ರಿಪೇರಿಯವರು ಕೊಟ್ಟಿದ್ದುರೀ. ಎರಡು ಮಳೆಗಾಲ ಆತು, ಒಂದಿನಾನೂ ಕೈ ಕೊಟ್ಟಿಲ್ಲ. ಯಾಕ್ರೀ, ನಿಮಗೂ ಒಂದು ಬೇಕೇನು?”

ನಾನು ನೇರವಾಗಿ ಅವರ ಅಂಗಡಿಗೆ ಹೋದೆ. ಮಾಮ ಮಿಕ್ಸಿಯೊಂದನ್ನು ಬಿಚ್ಚಿಕೊಂಡು ಕೂತಿದ್ದರು. ಕೆಟ್ಟದ್ದನ್ನೆಲ್ಲ ಅನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಒಂದೇ. “ಮಷಿನ್ ಲಾಡ್ಜಲ್ಲಿ ಓಡ್ತಾ ಐತಲ್ಲ ಮಾಮ.”

ಅವರು ಸ್ಕ್ರೂ ಡ್ರೈವರ್ ಕೆಳಗಿಡಲಿಲ್ಲ. “ಹೂಂ, ಓಡ್ತೈತೆ. ನನ್ನ ಕೈಗೆ ಬಂದ ಮೇಲೆ ಓಡಿಸಿದೆ. ಇಟ್ಕೊಳ್ಳೋದು ಬ್ಯಾಡ ಅಂತ ಲೆಕ್ಕ ಹಾಕಿದೋನು ನೀನು. ನಿನ್ನಂಥ ಓದಿದೋನು ಹೇಳಿದ ಮೇಲೆ ನಾನು ಏನಂತ ಅನ್ನಲಿ? ಕೂಡು, ಚಾ ತರಿಸ್ತೀನಿ.”

ನಾನು ಕೂರಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿದೆ. ಅವರು ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ ಎಂದು ಆ ಕ್ಷಣಕ್ಕೆ ಹೊಳೆಯಲೇ ಇಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದ ಅವಳು ಮೊರದಿಂದ ತಲೆ ಎತ್ತಲಿಲ್ಲ. “ಆ ಮನುಷ್ಯ ಬಂದಾಗೆಲ್ಲ ನಿಮ್ಮಪ್ಪನ್ನ ಎತ್ತಿ ಕೂಡಿಸ್ತಿದ್ದ. ನೀನು ಎಷ್ಟು ಸಲ ಎತ್ತಿದೀಯಪ್ಪ?” ಎಂದಳು. ಆ ವಿಷಯ ಮತ್ತೆ ನಮ್ಮ ನಡುವೆ ಬರಲಿಲ್ಲ. ಆದರೆ ಅಲ್ಲಿಂದಾಚೆ ಅವಳು ಮಾಮನಿಗೆ ಫೋನ್ ಮಾಡಿದ್ದನ್ನೂ ನಾನು ನೋಡಲಿಲ್ಲ.

ಮಾಮ ಈಗಿಲ್ಲ. ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಅಮ್ಮ ಹೋಗಿಯೂ ಎರಡು ವರ್ಷವಾಯಿತು. ನನ್ನ ನೆನಪು ಸರಿಯೇ ಎಂದು ಕೇಳೋಣವೆಂದರೆ ಆ ಕೋಣೆಯಲ್ಲಿದ್ದವರು ಯಾರೂ ಉಳಿದಿಲ್ಲ. ಅವರು ಮೋಸವನ್ನು ಮೊದಲೇ ಯೋಚಿಸಿಕೊಂಡು ಬಂದಿದ್ದರೇ? ಅಥವಾ ನನ್ನ ಜಂಬದ ಲೆಕ್ಕವನ್ನು ಕೇಳಿ ಆಸೆ ಹುಟ್ಟಿತೇ? ಯಂತ್ರ ಬೇಕಿದ್ದರೆ ಕೇಳಬಹುದಿತ್ತು. ಅಮ್ಮ ಕೊಟ್ಟರೂ ಕೊಡುತ್ತಿದ್ದಳು. ನನ್ನನ್ನು ವಂಚಿಸಿದ್ದನ್ನು ನಾನು ಹೇಗೋ ನುಂಗಿಕೊಂಡೇನು. ಮಾತು ಬಾರದ ಹಳೆಯ ಫೋರ್‌ಮನ್ನಿನ ಕೈಯಲ್ಲಿ, ಅವರದೇ ಕಾರ್ಖಾನೆಯ ಪದ್ಧತಿಯಂತೆ, ಆ ಕಾಯಿಲನ್ನು ಇಡಲು ಅವರಿಗೆ ಮನಸ್ಸಾದರೂ ಹೇಗೆ ಬಂತು…

ಕಳೆದ ತಿಂಗಳು ಆ ರಿಪೇರಿಯವರು ಹೋದ ಮೇಲೆ ಅಮ್ಮನ ಟ್ರಂಕು ತೆಗೆದೆ. ಬ್ಯಾಂಕಿನ ಹಳೆ ಪಾಸ್‌ಬುಕ್ಕುಗಳ ಕೆಳಗೆ, ಯಂತ್ರದ ಜೊತೆ ಅಧಿಕಾರಿ ಕೊಟ್ಟಿದ್ದ ಪುಸ್ತಿಕೆ ಸಿಕ್ಕಿತು. ಅದರ ಕೊನೆಯ ಪುಟಗಳಲ್ಲಿ ಬಿಡಿಭಾಗಗಳ ಚಿತ್ರ, ಪ್ರತಿಯೊಂದಕ್ಕೂ ಅಂಕಿ, ಹೆಸರು. ನನ್ನ ನೆನಪನ್ನು ನಂಬದೆ ಬೆರಳಿಟ್ಟು ಮೂರು ಸಲ ಓದಿದೆ. ಬರ್ನರ್ ಇದೆ, ಕಿಡಿ ಹಚ್ಚುವ ಕಡ್ಡಿ ಇದೆ, ಕೊಳವೆ ಕಟ್ಟಿಕೊಂಡರೆ ಸುಟ್ಟುಹೋಗುವ, ಉಗುರಿನಷ್ಟು ಅಗಲದ ಫ್ಯೂಸ್ ಇದೆ. ಗ್ಯಾಸಿನ ಉರಿಯಿಂದ ಬಿಸಿಯಾಗುವ ಆ ಯಂತ್ರದಲ್ಲಿ ಬಿಸಿ ಮಾಡುವ ಕಾಯಿಲ್ ಇಲ್ಲವೇ ಇಲ್ಲ.