ನನಗಿಲ್ಲದ ಅವಳಿ ಮಕ್ಕಳು

ಶಿವಾಜಿನಗರದ ನಮ್ಮ ವಿಮಾ ಕಚೇರಿಯಲ್ಲಿ ಹೆಂಗಸರಿಗೆ ಪ್ರಮೋಷನ್ ಬಂದರೆ ಸಿಹಿ ಹಂಚುವ ಮೊದಲೇ ಒಂದು ಪತ್ರ ಸಿದ್ಧವಾಗುತ್ತಿತ್ತು. ಕೌಟುಂಬಿಕ ಕಾರಣಗಳಿಂದ ಬಡ್ತಿ ಒಪ್ಪಿಕೊಳ್ಳಲಾಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದ ನಾಲ್ಕು ಸಾಲು. ನಾವು ಅದನ್ನು ‘ಬೇಡ ಪತ್ರ’ ಎನ್ನುತ್ತಿದ್ದೆವು. ಗಂಡಸರು ಯಾರಾದರೂ ಅದನ್ನು ಬರೆದದ್ದು ನನಗೆ ನೆನಪಿಲ್ಲ. ನಮ್ಮ ಸೆಕ್ಷನ್ನಿನ ಹಿರಿಯ ಸಹೋದ್ಯೋಗಿಯೊಬ್ಬರು ತಾವು ವರ್ಷಗಳ ಹಿಂದೆ ಕೊಟ್ಟಿದ್ದ ಪತ್ರದ ನಕಲನ್ನು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು. ಕೇಳಿದವರಿಗೆ ತಲೆನೋವಿನ ಮಾತ್ರೆ ಕೊಡುವ ಹಾಗೆ ಅದನ್ನು ತೆಗೆದು ಕೊಡುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಸರದಿ ಬಂತು. ಎರಡನೆಯ ಪ್ರಯತ್ನಕ್ಕೆ ಪರೀಕ್ಷೆ ಪಾಸಾಗಿದ್ದೆ. ಆಫೀಸರ್ ಹುದ್ದೆ, ಕೆ.ಆರ್. ಪುರದ ಶಾಖೆ. ಹತ್ತಕ್ಕೆ ಹೋಗಿ ಐದೂವರೆಗೆ ಚೀಲ ಎತ್ತಿಕೊಂಡು ಹೊರಡುವ ಗುಮಾಸ್ತೆ ನಾನು. ಆಫೀಸರಾದವರಿಗೆ ಬರುವ ಹೊತ್ತು ಇರುತ್ತದೆ, ಹೋಗುವ ಹೊತ್ತು ಇರುವುದಿಲ್ಲ. ನಮ್ಮ ಮನೆ ಹೊಸ ತಿಪ್ಪಸಂದ್ರದಲ್ಲಿ. ಮಗಳು ಎರಡನೇ ಕ್ಲಾಸು. ಸ್ಕೂಲು ಬಿಟ್ಟ ಮೇಲೆ ಕೆಳಗಿನ ಮನೆಯ ಓನರ್ ಆಂಟಿ ಅವಳನ್ನು ನೋಡಿಕೊಳ್ಳುತ್ತಿದ್ದರು. ಆದರೆ ಆರೂವರೆಗೆ ದೀಪ ಹಚ್ಚಿ ಬಾಗಿಲಲ್ಲಿ ನಿಂತುಬಿಡುತ್ತಿದ್ದರು. ಬಸ್ಸು ಹಲಸೂರಿನಲ್ಲಿ ಸಿಕ್ಕಿಹಾಕಿಕೊಂಡು ಏಳಾದರೆ ಅವರ ಮುಖ ದಪ್ಪಗಾಗುತ್ತಿತ್ತು. ನನ್ನ ಗಂಡನಿಗೆ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ, ಒಂದು ವಾರ ಬೆಳಗಿನ ಶಿಫ್ಟು, ಇನ್ನೊಂದು ವಾರ ಮಧ್ಯಾಹ್ನದ್ದು. ಬೆಳಗಿನ ಶಿಫ್ಟಿನ ವಾರ ಮೂರೂವರೆಗೇ ಮನೆಗೆ ಬಂದು ಮಲಗಿ, ಎದ್ದು ಕಾಲೊನಿಯ ಕ್ಲಬ್ಬಿಗೆ ಕೇರಂ ಆಡಲು ಹೋಗುತ್ತಿದ್ದರು. ಅದು ನನಗೆ ವಿಚಿತ್ರವಾಗಿಯೂ ಕಂಡಿರಲಿಲ್ಲ.

ಹುದ್ದೆ ಬೇಕು ಎಂದು ನನಗೆ ಎಷ್ಟು ಆಸೆಯಿತ್ತು ಎಂದು ಯಾರಿಗೂ ಹೇಳಿರಲಿಲ್ಲ. ಆಸೆಯನ್ನು ನುಂಗಿಕೊಂಡ ಸಿಟ್ಟಿನಲ್ಲಿ ಹಿರಿಯರ ಡ್ರಾಯರಿನ ಪತ್ರ ಇಸಿದುಕೊಂಡು, ಊಟದ ವೇಳೆಯಲ್ಲಿ ಗೀಚಿ, ಸಹಿ ಹಾಕಿ ಮ್ಯಾನೇಜರಿಗೆ ಕೊಟ್ಟೆ.

ಅವರು ಓದಿ ಕನ್ನಡಕ ತೆಗೆದರು. "ಟ್ವಿನ್ಸಾ ನಿಮಗೆ? ಆಯುಧಪೂಜೆಗೆ ಆಫೀಸಿಗೆ ಕರ್ಕೊಂಡ್ ಬಂದಾಗ ಒಂದೇ ಮಗು ನೋಡಿದ ನೆನಪು ಮೇಡಂ."

ನನಗೆ ಅರ್ಥವಾಗಲಿಲ್ಲ. ಅವರು ಕಾಗದ ತಿರುಗಿಸಿ ತೋರಿಸಿದರು. ನನ್ನ ಅವಳಿ ಮಕ್ಕಳು ಇನ್ನೂ ಚಿಕ್ಕವರಾದ್ದರಿಂದ ಎಂದು ನನ್ನದೇ ಅಕ್ಷರದಲ್ಲಿತ್ತು. ಹಿರಿಯ ಸಹೋದ್ಯೋಗಿಗೆ ಅವಳಿ ಮಕ್ಕಳು. ನನಗಿಂತ ಮೊದಲು ಪತ್ರ ಇಸಿದುಕೊಂಡವರೆಲ್ಲ ಆ ಸಾಲನ್ನು ತಿದ್ದಿಕೊಂಡಿದ್ದರು. ನಾನೊಬ್ಬಳೇ ಮಕ್ಕಿಕಾಮಕ್ಕಿ ಇಳಿಸಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಸರಿ ಮಾಡ್ಕೊಂಡ್ ಬನ್ನಿ. ನಾಳೆ ಕೊನೇ ದಿನ" ಎಂದರು, ನಗು ತಡೆದುಕೊಂಡು.

ಸಂಜೆ ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟು, ಹೊಸ ಹಾಳೆ ತೆಗೆದು ಕುಳಿತಿದ್ದೆ. ಅದು ಬೆಳಗಿನ ಶಿಫ್ಟಿನ ವಾರ, ಗಂಡ ಮನೆಯಲ್ಲಿದ್ದರು. ನೀರು ಕುಡಿಯಲು ಬಂದವರು ಹಳೆಯ ಪತ್ರ ಎತ್ತಿಕೊಂಡು ಓದಿದರು.

"ಇನ್ನೊಂದು ಮಗೂನ ಎಲ್ಲಿ ಬಚ್ಚಿಟ್ಟಿದ್ದೀಯಾ?" ಎಂದು ನಕ್ಕರು. ಆಮೇಲೆ ಪತ್ರದ ಉಳಿದ ಭಾಗ ಓದಿದರು. ನಗು ಹೋಯಿತು. "ಪ್ರಮೋಷನ್ ಬಂದಿರೋದನ್ನೇ ನಂಗೆ ಹೇಳ್ಲಿಲ್ಲ."

"ಹೇಳಿ ಏನ್ ಮಾಡೋದು ರೀ? ಎಂಟು ಗಂಟೆಗೆ ಮನೆಗೆ ಬಂದ್ರೆ ಮಗೂನ ಯಾರ್ ನೋಡ್ಕೋತಾರೆ?" ನನ್ನ ದನಿ ಏರಿತ್ತು.

"ಯಾಕೆ, ನಾನೇನ್ ಊರಲ್ಲಿಲ್ವಾ?"

ಬಡ್ತಿಯ ಸುದ್ದಿ ಬಂದಾಗಿನಿಂದ ಎರಡು ವಾರ ನಾನು ಯಾರ್ಯಾರನ್ನು ಯೋಚಿಸಿರಲಿಲ್ಲ? ಓನರ್ ಆಂಟಿ, ಕೋಲಾರದಲ್ಲಿ ಮಂಡಿನೋವು ಹಿಡಿದು ಕೂತಿದ್ದ ಅಮ್ಮ, ಟ್ಯೂಷನ್ ಹೇಳುವ ಟೀಚರು, ಮಾರ್ಕೆಟ್ ರಸ್ತೆಯ ಹೂವಿನವಳ ಮಗಳು ಕೂಡ ನೆನಪಾಗಿದ್ದಳು. ಮನೆಯಲ್ಲೇ ಇದ್ದ ಮನುಷ್ಯ ಒಮ್ಮೆಯೂ ಹೊಳೆದಿರಲಿಲ್ಲ. ಅವರ ಮೇಲೆ ಹರಿಹಾಯಲು ಎದ್ದ ಸಿಟ್ಟು ನನ್ನ ಕಡೆಗೇ ತಿರುಗಿತು.

"ಖಾಯಂ ಬೆಳಗಿನ ಶಿಫ್ಟ್ ಕೇಳ್ತೀನಿ. ಕೊಡ್ತಾರೋ ಇಲ್ವೋ ಗೊತ್ತಿಲ್ಲ. ಕೇಳ್ತೀನಂತೂ ಹೌದು" ಎಂದರು.

ಮರುದಿನ ಪತ್ರ ಕೊಡಲಿಲ್ಲ. ಹಿರಿಯ ಸಹೋದ್ಯೋಗಿಗೆ ನಡೆದದ್ದು ಹೇಳಿದೆ. ಅವರು ಡ್ರಾಯರು ಮುಚ್ಚುತ್ತಾ, "ನಾನೂ ನಮ್ಮೆಜಮಾನ್ರನ್ನ ಕೇಳಿರ್ಲಿಲ್ಲ ಕಣೇ" ಎಂದರು.

ಕಾರ್ಖಾನೆಯಲ್ಲಿ ಒಪ್ಪಿಗೆ ಸಿಗಲು ಒಂದು ತಿಂಗಳಾಯಿತು. ಮಧ್ಯಾಹ್ನದ ಶಿಫ್ಟೇ ಬೇಕೆನ್ನುವ ಒಬ್ಬರು ಸಿಕ್ಕಿ ಅದಲುಬದಲಾಯಿತು. ಅಲ್ಲಿಯವರೆಗೆ, ಅವರ ಮಧ್ಯಾಹ್ನದ ಶಿಫ್ಟಿನ ವಾರಗಳಲ್ಲಿ ಹೊಸ ಶಾಖೆಯಿಂದ ಎಂಟಕ್ಕೆ ಬಂದು ಆಂಟಿಯ ಮುಖ ನೋಡಲು ಹೆದರಿ, ನಾನು ಮೆಟ್ಟಿಲನ್ನು ಕಳ್ಳಬೆಕ್ಕಿನ ಹಾಗೆ ಹತ್ತುತ್ತಿದ್ದೆ. ಒಪ್ಪಿಗೆ ಸಿಕ್ಕ ದಿನ ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತೆ. ಅಷ್ಟು ಹಗುರಾಗಿತ್ತು ಎದೆ. ಕಾರ್ಖಾನೆಯ ಗೆಳೆಯರು ಅವರನ್ನು ಛೇಡಿಸದೆ ಬಿಡಲಿಲ್ಲ. "ಈಗ ಮನೇಲಿ ಯಜಮಾನ್ರು ಯಾರು ಗುರು?" ಎಂದು ಕಾಲೆಳೆದವರಿಗೆ ಇವರು, "ಎಂಟರವರೆಗೆ ನಾನು, ಆಮೇಲೆ ಅವ್ಳು" ಎಂದರಂತೆ.

ಎಲ್ಲ ಸಲೀಸಾಗಿ ನಡೆಯಿತು ಎಂದರೆ ಸುಳ್ಳು. ಅವರ ಸಾರಿನಲ್ಲಿ ಹುಳಿ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಯೂನಿಫಾರಂ ಮಡಿಸುವ ರೀತಿ ಕಂಡು ನಾನು ಗೊಣಗುತ್ತಿದ್ದೆ. ರಾತ್ರಿ ಊಟವಾದ ಮೇಲೆ ಕದ್ದು ಮತ್ತೆ ಮಡಿಸುತ್ತಿದ್ದೆ. ಒಂದು ದಿನ ಅವರು ಅದನ್ನು ಕಂಡು, "ಹಾಗಾದ್ರೆ ನೀನೇ ಬಾ ನಾಲ್ಕು ಗಂಟೆಗೆ" ಎಂದರು. ಅಂದಿನಿಂದ ಕೈ ಕಟ್ಟಿಕೊಂಡೆ.

ಆ ವರ್ಷದ ಒಂದು ಭಾನುವಾರ ಮಧ್ಯಾಹ್ನ, ಬೀದಿಯಲ್ಲಿ ಆಡುತ್ತಿದ್ದ ಮಗಳು ಬಿದ್ದು ಮಂಡಿ ತರಚಿಕೊಂಡು ಅಳುತ್ತಾ ಮೆಟ್ಟಿಲು ಹತ್ತಿ ಬಂದಳು. ಬಾಗಿಲಲ್ಲಿ ನಾನೇ ಇದ್ದೆ. ಎರಡೂ ಕೈ ಚಾಚಿದೆ. ಅವಳು ನನ್ನ ಪಕ್ಕದಿಂದ ನುಸುಳಿ ಒಳಗೆ ಪೇಪರ್ ಓದುತ್ತಿದ್ದ ಅಪ್ಪನ ತೊಡೆಗೆ ಹೋಗಿ ಬಿದ್ದಳು. ಅವರು ತಪ್ಪು ಮಾಡಿದವರಂತೆ ನನ್ನ ಮುಖ ನೋಡಿದರು. ಕಣ್ಣು ತುಂಬಿದ್ದು ನಿಜ. ಚಾಚಿದ ಕೈ ಹಾಗೇ ಇತ್ತು. ನಾನಿಲ್ಲದ ಹೊತ್ತಿನಲ್ಲಿ ಈ ಹುಡುಗಿ ಬಿದ್ದರೆ ಗತಿಯೇನು ಎಂದು ಏಳು ವರ್ಷ ಹೆದರಿದ್ದೆನಲ್ಲ, ಆ ಹೆದರಿಕೆ ಎದೆಯಲ್ಲಿ ಹುಡುಕಿದರೂ ಸಿಗಲಿಲ್ಲ. ಹತ್ತಿ, ಡೆಟಾಲು ಎಲ್ಲಿದೆ ಎಂದು ಅವರು ನನ್ನನ್ನು ಕೇಳಲೂ ಇಲ್ಲ. ನಾನು ರೂಮಿಗೆ ಹೋಗಿ, ಮದುವೆಯಾದ ಮೇಲೆ ಮೊದಲ ಸಲ, ಹಗಲು ಹೊತ್ತಿನಲ್ಲಿ ಮಲಗಿ ನಿದ್ದೆ ಮಾಡಿದೆ.